ಎಳೆದರೆ ಸೋತಿತು, ಹೊಡೆದರೆ ಗೆದ್ದಿತು: ಕತ್ತದ ನಾರಿನ ಹಲಗೆ

ಎಂಜಿನಿಯರಿಂಗ್ ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ಕತ್ತದ ನಾರನ್ನು ಆರಿಸಿಕೊಂಡದ್ದಕ್ಕೆ ದೊಡ್ಡ ಕಾರಣವೇನೂ ಇರಲಿಲ್ಲ. ಅಂಕೋಲೆಯ ನಮ್ಮ ಹಿತ್ತಲಲ್ಲಿ ತೆಂಗಿನ ಸಿಪ್ಪೆಯ ರಾಶಿ ಬಿದ್ದಿತ್ತು. ಬಚ್ಚಲ ಒಲೆಗೆ ಹಾಕಿ ಉಳಿದದ್ದು. ಖರ್ಚಿಲ್ಲ, ಅಷ್ಟೇ.

ಆ ನಾರನ್ನು ರೆಸಿನ್ ಜೊತೆ, ಅಂದರೆ ಸುರಿದ ಮೇಲೆ ಗಟ್ಟಿಯಾಗುವ ಪ್ಲಾಸ್ಟಿಕ್ ದ್ರವದ ಜೊತೆ, ಸೇರಿಸಿ ಹಲಗೆ ಮಾಡುವುದು ನಮ್ಮ ಪ್ರಾಜೆಕ್ಟ್. ರೆಸಿನ್ ಕೆಲಸ ಕಲಿಸಿದವರು ಕಾರವಾರದ ಬಂದರಿನ ಹತ್ತಿರ ಫೈಬರ್ ದೋಣಿ ರಿಪೇರಿ ಮಾಡುವವರು. ನಾವು ಅವರನ್ನು ಅಣ್ಣ ಎಂದೇ ಕರೆಯುತ್ತಿದ್ದೆವು. ನಾರಿನ ಕಟ್ಟು ನೋಡಿದ ಕೂಡಲೇ ಅವರು ಅಂದರು: "ಇದು ನೀರು ಕುಡೀತದೆ ಮಾರಾಯ. ಗ್ಲಾಸ್ ಮ್ಯಾಟ್ ಕುಡಿಯುದಿಲ್ಲ." ಗ್ಲಾಸ್ ಮ್ಯಾಟ್ ಅಂದರೆ ಫೈಬರ್ ದೋಣಿಗೆ ಹಾಕುವ ಗಾಜಿನ ನಾರಿನ ಹಾಸು.

ಕೇಳಲಿಲ್ಲ. ಜುಲೈ ತಿಂಗಳ ಮಳೆಯಲ್ಲಿ ಜಗಲಿಯ ಮೇಲೆ ಹರಡಿದ ನಾರು ಒಣಗಿದೆ ಅಂದುಕೊಂಡು ಮೊದಲ ಹಲಗೆ ಮಾಡಿದೆವು. ಒಳಗೆಲ್ಲ ಗುಳ್ಳೆ. ಕೆಲವು ಕಡೆ ರೆಸಿನ್ ಅಂಟಂಟಾಗಿಯೇ ಉಳಿಯಿತು. ಎಸೆದೆವು.

ಎರಡನೇ ಸಲ ನಾರನ್ನು 5% ಕಾಸ್ಟಿಕ್ ಸೋಡಾ ನೀರಿನಲ್ಲಿ ನೆನೆಸಿದೆವು, ಅಂದರೆ ಲೀಟರಿಗೆ 50 ಗ್ರಾಂ. ಕೈಗೆ ಗ್ಲೌಸ್ ಬೇಕೇ ಬೇಕು. ನೀರು ಕಡು ಚಹಾದ ಬಣ್ಣಕ್ಕೆ ತಿರುಗಿತು. ನಾರಿನ ಮೇಲಿನ ಮೇಣ, ಜಿಡ್ಡು ಹೋಗಿ ಮೈ ತರಿತರಿಯಾಗುತ್ತದೆ, ಆಗ ರೆಸಿನ್ ಕಚ್ಚಿಕೊಳ್ಳುತ್ತದೆ. ಚೆನ್ನಾಗಿ ತೊಳೆದು, ಕೊನೆಯ ನೀರಿಗೆ ಸ್ವಲ್ಪ ವಿನೆಗರ್ ಹಾಕಿ, ಕಾಲೇಜಿನ ಓವನ್‌ನಲ್ಲಿ ಒಂದು ರಾತ್ರಿ ಇಟ್ಟೆವು.

ನಾವು ಬಳಸಿದ ಪಾಲಿಯೆಸ್ಟರ್ ರೆಸಿನ್ ಗಟ್ಟಿಯಾಗಲು ಕ್ಯಾಟಲಿಸ್ಟ್, ಅದರ ಕೆಲಸ ಚುರುಕುಗೊಳಿಸುವ ಕೋಬಾಲ್ಟ್ ದ್ರಾವಣ ಎರಡೂ ಬೇಕು. ಅವೆರಡನ್ನು ನೇರವಾಗಿ ಒಟ್ಟಿಗೆ ಸುರಿಯಬೇಡಿ, ಸಿಡಿಯುತ್ತದೆ. ಒಂದನ್ನು ರೆಸಿನ್‌ಗೆ ಪೂರ್ತಿ ಕಲಸಿದ ಮೇಲೆ ಇನ್ನೊಂದು. ನಾರು ತೂಕದಲ್ಲಿ ಐದನೇ ಒಂದು ಪಾಲು ಇರಲಿ ಎಂದುಕೊಂಡೆವು. ಕೇಳಲು ಕಡಿಮೆ ಅನಿಸುತ್ತದೆ ಅಲ್ವಾ? ಅಚ್ಚಿಗೆ ಹಾಕಿ ನೋಡಿ! ಹಾಸಿಗೆಯ ಹಾಗೆ ಉಬ್ಬಿ ನಿಲ್ಲುತ್ತದೆ. ಮೇಲೆ ಹಲಗೆ ಇಟ್ಟು ಮೂರು ಚಿರೆಕಲ್ಲು ಹೇರಿದ ಮೇಲೆ ತಗ್ಗಿತು.

ಆಮೇಲೆ ತುಂಡು ಕತ್ತರಿಸಿ ಪರೀಕ್ಷೆ. ನಾರು ಹಾಕಿದರೆ ಬಲ ಹೆಚ್ಚುತ್ತದೆ ಎಂದೇ ನಂಬಿದ್ದೆ. ಎಳೆಯುವ ಪರೀಕ್ಷೆಯಲ್ಲಿ ನಮ್ಮ ಹಲಗೆ ಬರೀ ರೆಸಿನ್‌ಗಿಂತ ಬೇಗ ಹರಿಯಿತು! ಸೋಡಾದಲ್ಲಿ ನೆನೆಸದ ನಾರಿನದ್ದು ಇನ್ನೂ ಕಡೆ. ಅದರ ಮುರಿದ ಹೋಳಿನಲ್ಲಿ ನಾರು ತಲೆ ಎತ್ತಿ ನಿಂತಿತ್ತು, ಎದುರಿನ ಹೋಳಿನಲ್ಲಿ ನುಣ್ಣನೆಯ ತೂತು. ಅಂದರೆ ನಾರು ಮುರಿದೇ ಇರಲಿಲ್ಲ, ಸುಮ್ನೆ ಜಾರಿ ಹೊರಬಂದಿತ್ತು.

ಕಾರಣ ಹುಡುಕುತ್ತಾ ಕೂತಾಗ ಗೊತ್ತಾದದ್ದು ಇದು. ಕತ್ತದ ನಾರಿನೊಳಗೆ ಸೆಲ್ಯುಲೋಸ್ ಎಳೆಗಳು ನೆಟ್ಟಗಿಲ್ಲ, ಸ್ಪ್ರಿಂಗ್‌ನಂತೆ ಓರೆಯಾಗಿ ಸುತ್ತಿಕೊಂಡಿವೆ. ಎಳೆಗಳನ್ನು ಅಂಟಿನಂತೆ ಹಿಡಿದಿಡುವ ಲಿಗ್ನಿನ್ ಜಾಸ್ತಿ, ನಾರಿಗೆ ಬಲ ಕೊಡುವ ಸೆಲ್ಯುಲೋಸ್ ಕಡಿಮೆ. ಹಾಗಾಗಿ ಅದು ತುಂಡಾಗುವ ಮೊದಲು ತನ್ನ ಉದ್ದದ 15ರಿಂದ 40% ಹಿಗ್ಗುತ್ತದೆ. ರೆಸಿನ್ ಕೆಲವೇ ಶೇಕಡಾದಲ್ಲಿ ಬಿರುಕು ಬಿಡುತ್ತದೆ. ನಾರು ಭಾರ ಹೊರಲು ಶುರು ಮಾಡುವಷ್ಟರಲ್ಲಿ ರೆಸಿನ್ ಕಥೆ ಮುಗಿದಿರುತ್ತದೆ. ಮೇಲಾಗಿ ಕತ್ತದ ನಾರು ಎಳೆತ ತಡೆಯುವ ಬಲವೇ 200 ಮೆಗಾಪ್ಯಾಸ್ಕಲ್ (ಬಲದ ಅಳತೆಯ ಮಾನ) ಆಸುಪಾಸು, ಗ್ಲಾಸ್ ನಾರಿನದ್ದು 2000ಕ್ಕೂ ಮೇಲೆ. ಪೈಪೋಟಿಯೇ ಅಲ್ಲ.

ಆದರೆ ಸುತ್ತಿಗೆ ಬೀಸುವ ಇಂಪ್ಯಾಕ್ಟ್ ಪರೀಕ್ಷೆಯಲ್ಲಿ ಆಟ ತಿರುಗಿತು. ಬರೀ ರೆಸಿನ್ ಗಾಜಿನಂತೆ ಪಟ್ಟನೆ ಮುರಿಯಿತು. ನಾರಿನದ್ದು ಸೀಳಿತು, ಆದರೂ ಎರಡು ಹೋಳು ನಾರಿನಿಂದ ನೇತಾಡುತ್ತಿದ್ದವು. ಎಳೆದಾಗ ಶಾಪವಾಗಿದ್ದ ಆ ಹಿಗ್ಗುವ ಗುಣ, ಜಾರುವ ಗುಣ ಎರಡೂ ಇಲ್ಲಿ ಪೆಟ್ಟು ನುಂಗುವ ಕೆಲಸ ಮಾಡಿದ್ದವು.

ವರದಿ ಕೊಟ್ಟ ಮೇಲೆ ಅಣ್ಣನ ಶೆಡ್‌ನಲ್ಲಿ ಐಸ್ ಪೆಟ್ಟಿಗೆಗೆ ಒಂದು ಮುಚ್ಚಳ ಮಾಡಿದೆವು. ಮೇಲೆ ಕೆಳಗೆ ಗ್ಲಾಸ್ ಮ್ಯಾಟ್, ನಡುವೆ ಕತ್ತ. ಬಗ್ಗಿದಾಗ ಒಂದು ಮೈ ಹಿಗ್ಗುತ್ತದೆ, ಇನ್ನೊಂದು ಕುಗ್ಗುತ್ತದೆ, ನಡುವಿನ ಪದರಕ್ಕೆ ಅಂಥ ಎಳೆತವಿಲ್ಲ. ಗ್ಲಾಸ್ ಮ್ಯಾಟ್ ಕಡಿಮೆ ಸಾಕಾಯಿತು, ಮುಚ್ಚಳವೂ ಹಗುರವಾಯಿತು. ಮೀನಿನ ಬುಟ್ಟಿ ಕುಕ್ಕಿದರೂ ಜಗ್ಗಲಿಲ್ಲ. ಅಂಚಿಗೆಲ್ಲ ರೆಸಿನ್ ಬಳಿದಿದ್ದೆವು. ತಿರುಗಣೆಗೆ ಕೊರೆದ ತೂತಿಗೆ ಮಾತ್ರ ಬಳಿಯಲು ಮರೆತೆವು. ಮರುವರ್ಷದ ಮಳೆಗಾಲ ಮುಗಿದು ಹೋಗಿ ನೋಡಿದರೆ ಆ ತೂತಿನ ಸುತ್ತ ಮುಚ್ಚಳ ಹಪ್ಪಳದ ಹಾಗೆ ಉಬ್ಬಿತ್ತು. ಅಣ್ಣ ಏನೂ ಹೇಳಲಿಲ್ಲ, ಬೆರಳಲ್ಲಿ ಅದನ್ನು ಒತ್ತಿ ತೋರಿಸಿ ನಕ್ಕರು.