ಅಂಜುವ ಬೆಕ್ಕಿಗೆ ಮೊದಲು ಒಂದೇ ಕೋಣೆ ಸಾಕು

ತೀರ್ಥಹಳ್ಳಿಯ ನಮ್ಮ ಮನೆಗೆ ಕಳೆದ ಮಳೆಗಾಲದಲ್ಲಿ ತಂದ ಬೆಕ್ಕು ಬುಟ್ಟಿಯಿಂದ ಹಾರಿದ್ದೇ ಅಟ್ಟ ಸೇರಿತು. ಎರಡು ದಿನ ಅಡಿಕೆ ಚೀಲಗಳ ಸಂದಿಯಲ್ಲಿ ಅದರ ಕಣ್ಣುಗಳು ಮಾತ್ರ ಕಾಣುತ್ತಿದ್ದವು. ತಪ್ಪು ನಮ್ಮದೇ, ಇಡೀ ಮನೆಯನ್ನು ಒಮ್ಮೆಲೇ ಬಿಟ್ಟುಕೊಟ್ಟಿದ್ದೆವು.

ಮೊದಲ ವಾರ ಒಂದೇ ಕೋಣೆ ಕೊಡಿ. ಅಡ್ಡ ಮಲಗಿಸಿದ ರಟ್ಟಿನ ಪೆಟ್ಟಿಗೆ, ಅದರೊಳಗೆ ಹಳೆಯ ಮನೆಯಿಂದ ತಂದ ಬಟ್ಟೆಯ ತುಂಡು. ಅದನ್ನು ಒಗೆಯಬೇಡಿ, ಆ ವಾಸನೆಯೇ ಬೆಕ್ಕಿಗೆ ಧೈರ್ಯ. ಒಂದು ಮೂಲೆಯಲ್ಲಿ ಊಟ, ನೀರು. ದೂರದ ಮೂಲೆಯಲ್ಲಿ ಮಲಮೂತ್ರಕ್ಕೆ ಮರಳು ತುಂಬಿದ ತಟ್ಟೆ. ಅಡಗಿದ್ದರೆ ಎಳೆಯಬೇಡಿ. ನೆಲದ ಮೇಲೆ ಕುಳಿತು ಪತ್ರಿಕೆ ಓದಿ. ಅದು ನಿಮ್ಮನ್ನು ನೋಡಿದಾಗ ನಿಧಾನವಾಗಿ ಕಣ್ಣು ಮುಚ್ಚಿ ತೆರೆಯಿರಿ. ಬೆಕ್ಕಿನ ಭಾಷೆಯಲ್ಲಿ ಅದು ಸ್ನೇಹ. ಮನೆಯವರು ನಗುತ್ತಾರೆ, ನಗಲಿ.

ಪ್ರೀತಿಗೆಂದು ಹಾಲು ಸುರಿಯಬೇಡಿ. ಬೆಳೆದ ಬೆಕ್ಕುಗಳಲ್ಲಿ ಹಲವಕ್ಕೆ ಅದು ಜೀರ್ಣವಾಗದೆ ಭೇದಿಯಾಗುತ್ತದೆ. 24 ಗಂಟೆ ಏನೂ ತಿನ್ನದಿದ್ದರೆ ಪಶುವೈದ್ಯರನ್ನು ಕೇಳಿ, ಉಪವಾಸ ಮುಂದುವರಿದರೆ ಯಕೃತ್ತಿಗೆ ಅಪಾಯ. ಶಿವಮೊಗ್ಗದವರಿಗೆ ಪಶುವೈದ್ಯಕೀಯ ಕಾಲೇಜು ಊರಲ್ಲೇ ಇದೆ. ಹೊರಗೆ ಬಿಡಲು ಮೂರು ವಾರವಾದರೂ ಕಾಯಿರಿ.

ನಮ್ಮದು ಹನ್ನೊಂದನೆಯ ದಿನ ತಾನಾಗಿಯೇ ಬಂದು ನನ್ನ ಕಾಲಿಗೆ ಮೈ ಉಜ್ಜಿತು. ಆಗ ಒಲೆಯ ಮೇಲೆ ಮೀನಿತ್ತು ಎನ್ನುವುದೂ ನಿಜ.