ಮದುವೆ ಇಲ್ಲದ ತಿಂಗಳಲ್ಲಿ ಹುಲ್ಲಿನ ತೆನೆ

ಧನುರ್ಮಾಸದಲ್ಲಿ ನಮ್ಮ ಕಡೆ ಮದುವೆ ಇಲ್ಲ. ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿವರೆಗೆ ತಿಪಟೂರಿನ ನನ್ನ ಸ್ಟುಡಿಯೊಗೆ ಬರುವವರು ಪಾಸ್‌ಪೋರ್ಟ್ ಸೈಜಿನ ಗಿರಾಕಿಗಳಷ್ಟೇ. ಉಂಗುರ, ತಾಳಿ ತೆಗೆಯಲೆಂದು ಕೊಂಡ 100 ಎಂಎಂ ಮ್ಯಾಕ್ರೊ ಲೆನ್ಸು (ಚಿಕ್ಕ ವಸ್ತುವನ್ನು ತೀರಾ ಹತ್ತಿರದಿಂದ ದೊಡ್ಡದಾಗಿ ತೆಗೆಯುವಂಥದ್ದು) ಸುಮ್ಮನೆ ಕೂತಿರುತ್ತದೆ. ಅದೇ ಹೊತ್ತಿಗೆ ರಾಗಿ ಕೊಯ್ಲು ಮುಗಿದು, ಬದುವಿನ ಹುಲ್ಲೆಲ್ಲ ತೆನೆ ಒಣಗಿಸಿಕೊಂಡು ನಿಂತಿರುತ್ತದೆ. ನಾಲ್ಕು ಕಡ್ಡಿ ಕಿತ್ತು ತಂದು ಒಳಗೆ ಲೈಟು ಹಾಕಿ ಕೂರುತ್ತೇನೆ. ‘ದನ ತಿನ್ನೋದ್ನ ಫೋಟೊ ಹಿಡೀತಾವ್ನೆ’ ಎಂದು ಅಮ್ಮ ಬಂದವರಿಗೆಲ್ಲ ಹೇಳಿ ನಗುತ್ತಾರೆ.

ಮೊದಲ ವರ್ಷದ ಫೋಟೊಗಳನ್ನು ಯಾರಿಗೂ ತೋರಿಸುವುದಿಲ್ಲ. ಇಪ್ಪತ್ತು ವರ್ಷ ಸ್ಟೇಜ್ ಮೇಲೆ ಗ್ರೂಪ್ ಫೋಟೊ ತೆಗೆದ ಕೈ ನನ್ನದು. ಫ್ರೇಮಿನಲ್ಲಿ ಒಂದಿಂಚು ಖಾಲಿ ಕಂಡರೆ ‘ಸ್ವಲ್ಪ ಒತ್ತಿ ನಿಂತ್ಕೊಳಿ’ ಎನ್ನುವ ಚಾಳಿ. ಹುಲ್ಲನ್ನೂ ಹಾಗೇ ತುಂಬಿದ್ದೆ. ನೋಡಿದರೆ ಬಣವೆ! ತೆನೆ ತೆಳುವಾದ ವಸ್ತು. ಅದರ ಸುತ್ತ ಜಾಗ ಇದ್ದರೆ ಮಾತ್ರ ಅದು ತೆನೆಯಾಗಿ ಕಾಣುತ್ತದೆ. ಹಾಗಾಗಿ ಈಗ ನಾನು ಮೊದಲು ನೋಡುವುದು ಎಲ್ಲಿ ಖಾಲಿ ಬಿಡಬೇಕು ಎಂದು. ತೆನೆಯನ್ನು ಎಲ್ಲಿಡಬೇಕು ಎನ್ನುವುದು ಆಮೇಲೆ ತಾನಾಗಿ ಗೊತ್ತಾಗುತ್ತದೆ.

ಕ್ಯಾಮೆರಾ ಮುಟ್ಟುವ ಮುಂಚೆ ಕಡ್ಡಿಯನ್ನು ಎರಡು ಬೆರಳಲ್ಲಿ ಹಿಡಿದು, ಒಂದು ಕಣ್ಣು ಮುಚ್ಚಿ, ಬಲ್ಬಿನ ಎದುರು ನಿಧಾನವಾಗಿ ತಿರುಗಿಸಿ. ಪ್ರತಿ ತೆನೆಗೂ ಒಂದು ಮುಖ ಇರುತ್ತದೆ. ಗರಿಕೆಯನ್ನೇ ತೆಗೆದುಕೊಳ್ಳಿ. ಕಡ್ಡಿಯ ತುದಿಯಲ್ಲಿ ಒಂದೇ ಜಾಗದಿಂದ ನಾಲ್ಕೈದು ಎಳೆ ಹೊರಟಿರುತ್ತವೆ. ಒಂದು ಕೋನದಲ್ಲಿ ಎರಡು ಎಳೆ ಒಂದರ ಹಿಂದೊಂದು ಅಡಗಿ ಮೂರೇ ಕಾಣುತ್ತವೆ; ಇನ್ನು ಕಾಲು ಸುತ್ತು ತಿರುಗಿಸಿದರೆ ಐದೂ ಬಿಡಿಬಿಡಿಯಾಗಿ ಬಿಚ್ಚಿಕೊಳ್ಳುತ್ತವೆ. ಎಳೆಗಳು ಪೂರ್ತಿ ಬಿಡಿಯಾಗಿರಲಿ, ಇಲ್ಲವೇ ಖಡಾಖಂಡಿತವಾಗಿ ಒಂದನ್ನೊಂದು ದಾಟಲಿ. ಒಂದರ ಅಂಚು ಇನ್ನೊಂದಕ್ಕೆ ಸುಮ್ಮನೆ ತಾಗಿದಂತೆ ಬಂದರೆ ಅಲ್ಲಿ ಗಂಟು ಬಿದ್ದ ಹಾಗೆ ಕಾಣುತ್ತದೆ, ಕಣ್ಣು ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಮುಖ ಸಿಕ್ಕಿತೆಂದರೆ ಕಡ್ಡಿಯನ್ನು ಹೂವಿನ ಅಲಂಕಾರದವರು ಬಳಸುವ ಹಸಿರು ಸ್ಪಂಜಿಗೆ ಚುಚ್ಚಿ, ಬಟ್ಟೆ ಕ್ಲಿಪ್ಪಿನಲ್ಲಿ ಬಿಗಿ ಮಾಡಿ. ಫ್ಯಾನ್ ಆಫ್ ಮಾಡಿ, ಶಟರ್‌ಗೆ ಎರಡು ಸೆಕೆಂಡಿನ ಟೈಮರ್ ಇಡಿ.

ಹೊಸಬರು ಸಾಮಾನ್ಯವಾಗಿ ಬೀಜವನ್ನೇ ನೋಡುತ್ತಾರೆ, ಕಡ್ಡಿ ಫ್ರೇಮಿಗೆ ಎಲ್ಲಿಂದ ಬರುತ್ತಿದೆ ಎಂದು ನೋಡುವುದಿಲ್ಲ. ನನ್ನ ಮಟ್ಟಿಗೆ ಅರ್ಧ ಚಿತ್ರ ಅಲ್ಲೇ ಇದೆ. ಸರಿಯಾಗಿ ಮೂಲೆಯಿಂದ ಹೊರಟ ಕಡ್ಡಿ ಸ್ಕೇಲ್ ಇಟ್ಟು ಗೆರೆ ಎಳೆದಂತೆ ಕಾಣುತ್ತದೆ. ಮೂಲೆ ಬಿಟ್ಟು ಸ್ವಲ್ಪ ಈಚೆ, ಕೆಳಗಿನ ಅಂಚಿನಿಂದ ಬರಲಿ. ತೆನೆ ಯಾವ ಕಡೆ ಬಾಗಿದೆಯೋ ಆ ಕಡೆ ಹೆಚ್ಚು ಜಾಗ ಬಿಡಿ. ನವಣೆಯಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ: ಕಾಳಿನ ಭಾರಕ್ಕೆ ತೆನೆ ಕೊಡೆಯ ಹಿಡಿಯಂತೆ ಬಾಗಿರುತ್ತದೆ. ಬಾಗಿದ ತುದಿಯ ಕೆಳಗೆ ಖಾಲಿ ಜಾಗ ಇದ್ದರೆ ಭಾರ ಕಾಣುತ್ತದೆ. ಅಂಚಿಗೆ ಒತ್ತಿದರೆ ಬರೀ ಕುತ್ತಿಗೆ ಮುರಿದ ಹಾಗಿರುತ್ತದೆ. ಸಜ್ಜೆ ತೆನೆ ಮೇಣದ ಬತ್ತಿಯಂತೆ ನೆಟ್ಟಗೆ, ಅದಕ್ಕೆ ಉದ್ದನೆಯ ಫ್ರೇಮು ಸಾಕು, ನಡುವಿನಲ್ಲಿಟ್ಟರೂ ತಪ್ಪಿಲ್ಲ. ಅದರ ಬಗ್ಗೆ ಇನ್ನೇನೂ ಹೇಳುವುದಿಲ್ಲ.

ತುದಿಯನ್ನು ಕತ್ತರಿಸಬಹುದೇ ಎಂದು ಕೇಳುತ್ತಾರೆ. ಧಾರಾಳವಾಗಿ. ಆದರೆ ಕತ್ತರಿಸಿದ್ದು ಬೇಕೆಂದೇ ಕತ್ತರಿಸಿದಂತಿರಬೇಕು. ರಾಗಿ ತೆನೆಯ ಎಲ್ಲ ಬೆರಳಿನ ತುದಿಯೂ ಫ್ರೇಮಿನ ಹೊರಗೆ ಹೋಗಿ, ಬೆರಳುಗಳು ಕೂಡುವ ಬುಡ ಮಾತ್ರ ಉಳಿದರೆ ಅದು ಬೇರೆಯೇ ಚಿತ್ರ. ಒಂದೇ ಬೆರಳಿನ ತುದಿ ಎರಡು ಮಿಲಿಮೀಟರ್ ಹೋದರೆ, ಗ್ರೂಪ್ ಫೋಟೊದಲ್ಲಿ ಸೋದರಮಾವನ ಕಿವಿ ಹೋದ ಹಾಗೆ, ಬೈಗುಳ ಗ್ಯಾರಂಟಿ.

ಇನ್ನು ಫೋಕಸ್ಸು. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ, ಅಂದರೆ ಚಿತ್ರ ಹಿಡಿಯುವ ಸೆನ್ಸರ್ ಹಳೆಯ ರೀಲಿನ ಒಂದು ಫ್ರೇಮಿನಷ್ಟೇ ದೊಡ್ಡದಿರುವ ಕ್ಯಾಮೆರಾದಲ್ಲಿ, ತೆನೆಯ ನಿಜವಾದ ಅಳತೆಯೇ ಸೆನ್ಸರ್ ಮೇಲೆ ಬೀಳುವಷ್ಟು ಹತ್ತಿರ ಹೋದರೆ, ಎಫ್ 11 (ಎಫ್ ಅಂದರೆ ಲೆನ್ಸಿನ ಕಿಂಡಿಯ ಅಳತೆ, ಅಂಕಿ ದೊಡ್ಡದಾದಷ್ಟು ಕಿಂಡಿ ಕಿರಿದು) ಇಟ್ಟರೂ ಸ್ಪಷ್ಟವಾಗಿ ಸಿಗುವ ಆಳ ಒಂದೂಕಾಲು ಮಿಲಿಮೀಟರ್ ಆಸುಪಾಸು. ಅದರ ಅರ್ಧ ಅಳತೆಗೆ ಹಿಂದೆ ಸರಿದರೆ ಸುಮಾರು ನಾಲ್ಕು. ಸ್ವಲ್ಪ ಹಿಂದೆ ಸರಿದದ್ದಕ್ಕೆ ಮೂರು ಪಟ್ಟು ಲಾಭ! ಅದಕ್ಕೇ ನಾನು ಗರಿಕೆಯನ್ನು ಅರ್ಧ ಅಳತೆಯಲ್ಲೇ ತೆಗೆಯುತ್ತೇನೆ, ಐದು ಎಳೆಯೂ ಆದಷ್ಟು ಸೆನ್ಸರಿಗೆ ಸಮಾನಾಂತರವಾಗಿ ಬರುವಂತೆ ಕಡ್ಡಿಯನ್ನು ವಾಲಿಸುತ್ತೇನೆ. ಎಫ್ 22, 32ಕ್ಕೆ ಹೋಗಬೇಡಿ. ಆಳ ಸಿಕ್ಕರೂ ಇಡೀ ಚಿತ್ರ ಮೆತ್ತಗಾಗುತ್ತದೆ. ಮುಷ್ಟಿ ಕಟ್ಟಿದಂಥ ರಾಗಿ ತೆನೆಗೆ ಬೇರೆ ದಾರಿಯಿಲ್ಲ: ಎಫ್ 8ರಲ್ಲಿ ಫೋಕಸ್ಸನ್ನು ಕೂದಲೆಳೆಯಷ್ಟು ಸರಿಸುತ್ತ ಇಪ್ಪತ್ತು ಮೂವತ್ತು ಫೋಟೊ ತೆಗೆದು ಕಂಪ್ಯೂಟರಿನಲ್ಲಿ ಕೂಡಿಸಬೇಕು. ಹಾಗೆ ಕೂಡಿಸುವವರು ಸುತ್ತಲೂ ಸ್ವಲ್ಪ ಜಾಗ ಬಿಟ್ಟೇ ತೆಗೆಯಿರಿ. ಫೋಕಸ್ ಸರಿದಂತೆ ಅಳತೆ ಚೂರು ಬದಲಾಗುತ್ತದೆ, ಅಂಚು ಕೆಡುತ್ತದೆ.

ಹೀಗೆ ಕೂಡಿಸುವಾಗಲೇ ಒಮ್ಮೆ ಪೆಟ್ಟು ತಿಂದೆ. ಪಂಚೆಗೆ, ಸಾಕ್ಸಿಗೆ ಚುಚ್ಚಿಕೊಂಡು ಮನೆತನಕ ಬರುವ, ಈಟಿಯಂಥ ಬೀಜದ ಹುಲ್ಲು ಇದೆಯಲ್ಲ, ಅದರ ಉದ್ದನೆಯ ಬಾಲಗಳು ಒಣಗಿದಾಗ ಹಗ್ಗ ಹೊಸೆದಂತೆ ಸುತ್ತಿಕೊಂಡಿರುತ್ತವೆ. ಮಂಜಿನ ಹನಿ ಇದ್ದರೆ ಚೆಂದ ಎಂದು ಕ್ಷೌರದಂಗಡಿಯ ಸ್ಪ್ರೇ ಬಾಟಲಿಯಿಂದ ನೀರು ಹೊಡೆದೆ. ಮೂವತ್ತೆರಡು ಫೋಟೊ ತೆಗೆದು ಕೂಡಿಸಿದರೆ ಬಾಲಕ್ಕೆಲ್ಲ ಮೂರು ಮೂರು ನೆರಳು. ನೀರು ತಾಗಿದರೆ ಆ ಹೊಸೆತ ಬಿಚ್ಚಿಕೊಳ್ಳುತ್ತದೆ. ಮಳೆ ಬಂದಾಗ ಬೀಜ ತಿರುಗುತ್ತ ಮಣ್ಣಿಗೆ ಇಳಿಯುವುದು ಅದರಿಂದಲೇ. ನಾನು ಒಂದೊಂದಾಗಿ ಕ್ಲಿಕ್ ಮಾಡುತ್ತಿದ್ದಾಗ ಅದು ತನ್ನ ಪಾಡಿಗೆ ತಿರುಗುತ್ತಿತ್ತು. ಆ ಹುಲ್ಲಿಗೆ ನೀರು ಬೇಡ, ಬೇಕೇಬೇಕೆಂದರೆ ಒಂದೇ ಕ್ಲಿಕ್ಕು.

ಹಿನ್ನೆಲೆ ಕಪ್ಪೋ ಬಿಳಿಯೋ ಎನ್ನುವುದನ್ನು ತೆನೆಯ ರೋಮ ಹೇಳುತ್ತದೆ. ನವಣೆಗೆ ನವಿರಾದ ಮುಳ್ಳುಗೂದಲಿದೆ. ಕಪ್ಪು ವೆಲ್ವೆಟ್ಟನ್ನು ಎರಡಡಿ ಹಿಂದೆ ಕಟ್ಟಿ, ಲೈಟನ್ನು ತೆನೆಯ ಹಿಂದೆ ಪಕ್ಕಕ್ಕಿಟ್ಟು, ಮುಂದಿನಿಂದ ಒಂದು ಬಿಳಿ ಥರ್ಮೊಕೋಲ್ ಹಿಡಿದರೆ ಪ್ರತಿ ಕೂದಲೂ ಹೊತ್ತಿಕೊಂಡಂತೆ ಬೆಳಗುತ್ತದೆ. ಲೆನ್ಸಿಗೆ ನೇರ ಬೆಳಕು ಬೀಳದಂತೆ ರಟ್ಟು ಅಡ್ಡ ಇಡಿ. ಗರಿಕೆಗೆ ಕೂದಲಿಲ್ಲ, ಅದರ ಚೆಂದ ಇರುವುದು ಗೆರೆಯಲ್ಲಿ. ಅದಕ್ಕೆ ಟ್ರೇಸಿಂಗ್ ಪೇಪರಿನ ಹಿಂದೆ ಲೈಟಿಟ್ಟು ಬಿಳಿ ಹಿನ್ನೆಲೆ ಮಾಡಿ.

ಎರಡು ತೆನೆ ಇಡುವುದಾದರೆ ಒಂದೇ ಎತ್ತರದವು ಬೇಡ, ವಧೂವರರ ಫೋಟೊ ಆಗಿಬಿಡುತ್ತದೆ. ಒಂದು ಹಣ್ಣಾದದ್ದು, ಒಂದು ಕಾಳುದುರಿ ಬೋಳಾದದ್ದು ಇಡಿ. ಬೋಳು ತೆನೆ ಹಿಂದಿರಲಿ, ಅರ್ಧ ಫೋಕಸ್ ತಪ್ಪಿರಲಿ.

ಕೆಲಸ ಮುಗಿದ ಮೇಲೆ ವೆಲ್ವೆಟ್ಟನ್ನು ಸುಮ್ಮನೆ ಕೊಡವಿ ಮಡಿಸಿಡಬೇಡಿ, ಅಗಲದ ಟೇಪ್ ಒತ್ತಿ ಒತ್ತಿ ಬೀಜ ತೆಗೆಯಿರಿ. ಹೋದ ವರ್ಷ ಸಂಕ್ರಾಂತಿ ಕಳೆದ ಮೊದಲ ಮದುವೆಯಲ್ಲಿ ಅದೇ ಬಟ್ಟೆ ಹಾಸಿ ತಾಳಿ ತೆಗೆದಿದ್ದೆ. ಆಲ್ಬಂ ಪ್ರಿಂಟಾಗಿ ಬಂದಾಗ ಎರಡು ಗುಂಡಿನ ನಡುವೆ ನವಣೆಯ ಕಾಳೊಂದು ಕೂತಿತ್ತು. ಹುಡುಗಿಯ ತಾಯಿ ಅದನ್ನು ಅಕ್ಕಿಕಾಳು ಎಂದುಕೊಂಡರು. ನಾನೂ ಹೌದು ಎಂದೆ.