ನಮ್ಮವರ ಅಂಗವೈಕಲ್ಯ ಪಿಂಚಣಿ ಸಿಕ್ಕಿದ್ದು ಹೀಗೆ

ನಮ್ಮವರು ಸೇನೆಯಲ್ಲಿ 19 ವರ್ಷ ಇದ್ದರು. ಬಿಡುಗಡೆಯಾಗುವಾಗ ವೈದ್ಯಕೀಯ ಮಂಡಳಿ ಖಿನ್ನತೆ ಇದೆ, ಅಂಗವೈಕಲ್ಯ ಶೇ 40 ಎಂದು ಬರೆಯಿತು. ಜೊತೆಗೇ ‘ಕಾಯಿಲೆಗೂ ಸೇವೆಗೂ ಸಂಬಂಧವಿಲ್ಲ’ ಎಂಬ ಸಾಲು. ಆ ಒಂದು ಸಾಲಿನಿಂದ ಪಿಂಚಣಿ ತಿರಸ್ಕಾರವಾಯಿತು. ರಾತ್ರಿ ಬೆಚ್ಚಿ ಎದ್ದು ಕೂರುವ ಮನುಷ್ಯನಿಗೆ ಅದನ್ನು ಓದಿ ಹೇಳಲು ನನಗೆ ಬಾಯಿ ಬರಲಿಲ್ಲ.

ಪರಿಚಯದ ನಿವೃತ್ತ ಸುಬೇದಾರರೊಬ್ಬರು, “ಭರ್ತಿಯಾದಾಗಿನ ಮೆಡಿಕಲ್ ಕಾಗದ ತೆಗೆಸಮ್ಮ” ಎಂದರು. ರೆಕಾರ್ಡ್ ಆಫೀಸಿಗೆ ಆರ್‌ಟಿಐ ಹಾಕಿದೆ. ಅದರಲ್ಲಿ ಯಾವ ಮಾನಸಿಕ ತೊಂದರೆಯೂ ಬರೆದಿರಲಿಲ್ಲ. ಇದೇ ನಮಗೆ ಆಸರೆಯಾಯಿತು. ಸೇರುವಾಗ ದಾಖಲಾಗದ ಕಾಯಿಲೆ ಆಮೇಲೆ ಬಂದರೆ ಅದು ಸೇವೆಯಿಂದಲೇ ಬಂದದ್ದು ಎಂದು ಭಾವಿಸಬೇಕು, ಅಲ್ಲ ಎನ್ನುವುದಾದರೆ ಮಂಡಳಿ ಕಾರಣ ಬರೆಯಬೇಕು ಅಂತ 2013ರ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಮ್ಮ ಕಾಗದದಲ್ಲಿ ಕಾರಣವೇ ಇರಲಿಲ್ಲ, ನೋಡಿ.

ಆರು ತಿಂಗಳೊಳಗೆ ಮೊದಲ ಮೇಲ್ಮನವಿ ಹಾಕಿದೆವು. ಅದೂ ಬಿತ್ತು. ಆಮೇಲೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯಲ್ಲಿ ಗೆದ್ದೆವು. ಶೇ 40 ಅನ್ನು ಶೇ 50ಕ್ಕೆ ಏರಿಸಿ ಲೆಕ್ಕ ಹಾಕಿದರು.

2023ರ ಸೆಪ್ಟೆಂಬರ್ 21ರ ನಂತರ ಸೇನೆ ಬಿಟ್ಟವರಿಗೆ ಹೊಸ ನಿಯಮಗಳಿವೆ, ಅವರು ಅದನ್ನೂ ಓದಿಕೊಳ್ಳಿ. ಮಾತ್ರೆಯ ಚೀಟಿ, ಆಸ್ಪತ್ರೆಯ ಡಿಸ್ಚಾರ್ಜ್ ಕಾಗದ ಯಾವುದನ್ನೂ ಎಸೆಯಬೇಡಿ.